ಕಾಂತಬೋನಿನ ಕುಂಕುಮ

ಚಂದ್ರನಿಗಿಂತ ಬಹುದೂರ ಆಚೆ ತೇಲುತ್ತಿದ್ದ ಕಾರ್ಖಾನೆಯಲ್ಲಿ ಕಾಂತಬೋನು ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಅದರೊಳಗಿದ್ದದ್ದು ಪ್ರತಿದ್ರವ್ಯ. ಯಾವ ಪಾತ್ರೆಗೆ ತಾಗಿದರೂ ಎರಡೂ ಒಟ್ಟಿಗೆ ಇಲ್ಲವಾಗಿ ಬರಿಯ ಶಕ್ತಿಯಾಗಿಬಿಡುವ ವಸ್ತು ಅದು. ಹಾಗಾಗಿ ಗೋಡೆಗೆ ಸೋಕದಂತೆ ಕಾಂತಕ್ಷೇತ್ರದ ನಡುವೆ ತೇಲಿಸಿ ಇಟ್ಟಿದ್ದರು. ಸಾಸಿವೆಯಷ್ಟು ಕೂಡಿದರೆ ಶನಿಗ್ರಹಕ್ಕೆ ನೌಕೆ ಹೊರಡಬಹುದಿತ್ತು. ಬೋನನ್ನು ರೂಪಿಸಿದ ಡಾ. ಮಂದಾಕಿನಿ, ಹತ್ತಿರ ಬೇರೆ ಆಯಸ್ಕಾಂತ ಬಂದರೆ ಆ ಕ್ಷೇತ್ರ ಕದಡುವುದರಿಂದ, ಒಳಗೆ ಆಯಸ್ಕಾಂತ ತರಬಾರದೆಂಬ ಫಲಕವನ್ನು ಕೈಯಾರೆ ಬರೆದು ಅಂಟಿಸಿದ್ದರು.

ಆಯುಧಪೂಜೆಯ ದಿನ ಸೋರಿಕೆಯ ಗಂಟೆ ಹೊಡೆಯಿತು. ಬಂದು ನೋಡಿದರೆ ಬೋನಿನ ಚೌಕಟ್ಟಿನ ಮೇಲೆ ಕುಂಕುಮ. ತೂಕವಿಲ್ಲದ ಜಾಗದಲ್ಲಿ ಹಾರದಿರಲೆಂದು ಎಣ್ಣೆಯಲ್ಲಿ ಕಲಸಿ ಹಚ್ಚಿದ್ದವನು ಗದಗದ ಮೆಕ್ಯಾನಿಕ್ ಈರಪ್ಪ ಬಡಿಗೇರ. ಒಂಬತ್ತು ವರ್ಷದಿಂದ ಬೋನನ್ನು ನೋಡಿಕೊಂಡವನು.

“ಇದೇನು ನಿಮ್ಮೂರಿನ ಲೇತ್ ಮಷೀನಾ ಈರಪ್ಪ, ಕಂಡದ್ದೆಲ್ಲ ಬಳಿಯೋಕೆ?” ಎಂದು ಮಂದಾಕಿನಿ ಎಲ್ಲರ ಮುಂದೆ ನೀರಿಳಿಸಿದರು. ಅವನು ತಲೆ ತಗ್ಗಿಸಿ ಕುಂಕುಮ ಒರೆಸಿದ. ಸೋರಿಕೆ ನಿಂತಿತು. ಇನ್ನೇನು ಸಾಕ್ಷಿ ಬೇಕು? ಮುಂದಿನ ನೌಕೆಯಲ್ಲೇ ಅವನನ್ನು ಭೂಮಿಗೆ ಕಳುಹಿಸಿದರು. ತಪ್ಪಿಗಾಗಿ ಇಳಿಸಿದವರನ್ನು ಮತ್ತೆ ಹತ್ತಿಸುವ ಪದ್ಧತಿ ಇರಲಿಲ್ಲ.

ಅವನು ಹೋದ ಮರುದಿನದಿಂದ ಸೋರಿಕೆ ಎಡೆಬಿಡದೆ ಆಗತೊಡಗಿತು. ವರ್ಷವಿಡೀ ಕೂಡಿಸಿದ್ದು ಒಂದೇ ವಾರದಲ್ಲಿ ಹೋಯಿತು. ಇದರ ನಡುವೆ ಮಂದಾಕಿನಿಯವರ ಕನ್ನಡಕದ ಡಬ್ಬಿಯೂ ಕಾಣೆ. ಮೊದಲೆಲ್ಲ ಅದು ಮೇಜಿನ ಖಾನೆಯಲ್ಲಿ ಸಿಗುತ್ತಿತ್ತು. ತಾವೇ ಅಲ್ಲಿಡುತ್ತೇವೆಂದು ಅವರು ನಂಬಿದ್ದರು. ಹುಡುಕಿದರೆ, ಅವರು ಕೆಲಸದ ನಡುವೆ ಕೈಬಿಟ್ಟದ್ದು ತೇಲಿಹೋಗಿ ಬೋನಿನ ಹಿಂಬದಿಗೆ ಅಂಟಿಕೊಂಡಿತ್ತು. ಮುಚ್ಚಳದಲ್ಲಿ ಪುಟ್ಟ ಆಯಸ್ಕಾಂತ. ಕಿತ್ತು ದೂರ ಹಿಡಿದರೆ ಸೋರಿಕೆಯ ಮುಳ್ಳು ಸೊನ್ನೆಗಿಳಿಯಿತು.

ಅವರಿಗೆ ತಾವೇ ಬರೆದ ಫಲಕದತ್ತ ನೋಡಲಾಗಲಿಲ್ಲ.

ಗದಗಕ್ಕೆ ಕರೆ ಮಾಡಿದರು. ಒಂದೊಂದು ಉತ್ತರಕ್ಕೂ ಹತ್ತು ಸೆಕೆಂಡು ಕಾಯಬೇಕು.

“ಈರಪ್ಪನವರೇ, ನನ್ನ ಕನ್ನಡಕದ ಡಬ್ಬಿ…”

“ಗೊತ್ತೈತ್ರಿ ಮೇಡಂ. ದಿನಾ ನಾನ ತಗದು ಖಾನೇದಾಗ ಇಡ್ತಿದ್ದೆ. ಹಬ್ಬದ ಗಡಿಬಿಡಿಯೊಳಗ ಮರ್ತೆ. ಕುಂಕುಮ ಒರಸೂ ಮುಂದ ಅದನ್ನೂ ತಗದೆ.”

“ಆಗಲೇ ಯಾಕ್ರೀ ಹೇಳಲಿಲ್ಲ?”

ಈ ಹತ್ತು ಸೆಕೆಂಡು ಮಂದಾಕಿನಿಯವರಿಗೆ ಮುಗಿಯಲೇ ಇಲ್ಲ.

“ಅಷ್ಟು ಮಂದಿ ಮುಂದ ನಿಮಗ ಹೆಂಗ ಹೇಳ್ಲಿರಿ?”

ಅವರಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಅಲ್ಲಿ ನೆಲವೂ ಇರಲಿಲ್ಲ. “ಹಾಗೇ ಲೈನಿನಲ್ಲಿರಿ,” ಎಂದವರೇ ಎಲ್ಲರನ್ನೂ ಕರೆಯುವ ಗಂಟೆ ಒತ್ತಿದರು.

“ಮಂದಿನ್ನ ಕರೀಬ್ಯಾಡ್ರಿ ಮೇಡಂ,” ಎಂಬ ಮಾತು ಭೂಮಿಯಿಂದ ಬಂದು ಮುಟ್ಟುವಷ್ಟರಲ್ಲಿ ಮೊದಲ ನಾಲ್ವರು ಒಳಗೆ ಬಂದಾಗಿತ್ತು. ಮಂದಾಕಿನಿ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.