ಸುಣ್ಣದ ಗೆರೆ ದಾಟಿದ ಹೆಜ್ಜೆ

"ನಿಲ್ಲಿ! ಗೋಡೆ ತುಳೀಬೇಡಿ!"

ಪೆರ್ಪೆತುವಾಳ ಕಾಲು ಗಾಳಿಯಲ್ಲೇ ನಿಂತಿತು. ತಲೆಯ ಮೇಲೆ ಜೋಳದ ಬುಟ್ಟಿ, ಅದರೊಳಗೆ ಕಾಲು ಕಟ್ಟಿದ ಗಿನಿಕೋಳಿ. ಎದುರಿಗೆ ಅಳತೆ ಟೇಪು ಹಿಡಿದ ಎತ್ತರದ ಯುವಕ.

ಅಬ್ಬಾ, ಎಂಥ ಕಣ್ಣು! ಎನಿಸಿತು. ಮರುಕ್ಷಣವೇ ಸಿಟ್ಟೂ ಬಂತು.

"ಎಲ್ಲಿದೆ ಗೋಡೆ? ಇದು ನಮ್ಮ ಕಡಲೆಕಾಯಿ ಹೊಲ ಆಗಿತ್ತು!"

"ಈಗ ಚರ್ಚು. ಬಾಗಿಲು ಆ ಕಡೆ," ಎಂದು ಅವನು ನಕ್ಕ.

ಕುಮಾಸಿ ಪಟ್ಟಣದಿಂದ ಬಂದ ಇಂಜಿನಿಯರ್ ಜರ್ವಾಸ್, ಹೊಸ ಚರ್ಚಿನ ನಕ್ಷೆಯನ್ನು ನಿಜದ ಅಳತೆಯಲ್ಲೇ ನೆಲದ ಮೇಲೆ ಸುಣ್ಣದಲ್ಲಿ ಬರೆದಿದ್ದ. ಪಾಯ ತೋಡುವ ಮುಂಚೆ ಊರೆಲ್ಲ ಅದರೊಳಗೆ ಭಾನುವಾರದ ಪೂಜೆಯ ತಾಲೀಮು ಮಾಡಿ ನೋಡಲಿ ಎಂಬುದು ಅವನ ಆಸೆ.

ಬೆಂಚಿನ ಗೆರೆಗಳ ನಡುವೆ ಜನ ನೆಲದಲ್ಲೇ ಕೂತರು. ಗಿಲ್ ವಾದ್ಯದ ಮರದ ಪಟ್ಟಿಗಳು ಮೊಳಗಿದವು. ಕಾಣಿಕೆಯ ಹೊತ್ತು! ಹೆಂಗಸರ ಸಾಲು ಕಾಣಿಕೆಯ ಬುಟ್ಟಿ ಹೊತ್ತು ಬರಿಗಾಲಲ್ಲಿ ಕುಣಿಯುತ್ತ ನಡುದಾರಿಗೆ ಇಳಿಯಿತು. ತಾಯಿ ತೀರಿಕೊಂಡ ಮೇಲೆ ಆ ಸಾಲಿಗೆ ಪೆರ್ಪೆತುವಾಳೇ ಮುಂದಾಳು.

ತಿರುಗುವಾಗ ದಾರಿ ಸಾಲದೆ ಅವಳು ಗೆರೆ ತುಳಿದು ಬೆಂಚುಗಳೊಳಗೇ ನುಗ್ಗಿಬಿಟ್ಟಳು! ಗಿನಿಕೋಳಿ ರೆಕ್ಕೆ ಬಡಿದು ಫಾದರ್ ದೆರಿಯವರ ಟೋಪಿ ಹಾರಿಸಿತು.

"ಫಾದರ್‌ನೇ ಕಾಣಿಕೆಗೆ ಹೊತ್ಕೊಂಡ್ ಹೋಗ್ತೀಯೇನೇ!" ಎಂದಳು ಯೂಲಾಲಿಯಾ ಅಜ್ಜಿ. ಎಲ್ಲರೂ ಗೊಳ್ಳೆಂದರು. ಜರ್ವಾಸನೂ!

ಫಾದರ್ ಟೋಪಿ ಕೊಡವಿದರು. "ಜನಕ್ಕೆ ಕೂರೋಕೆ ಜಾಗ ಬೇಕಲ್ಲ ಮಗಳೇ. ದಾರಿ ಇಷ್ಟೇ ಆದ್ರೆ ಕುಣಿತ ಬಾಗಿಲ ಹೊರಗೇ ಆಗ್ಬೇಕು."

ಹೊರಗೆ...? ಅಮ್ಮನ ಕುಣಿತ ಬಾಗಿಲ ಹೊರಗೆ...? ಅದರ ಮೇಲೆ ಜರ್ವಾಸನ ಆ ನಗು!

ಮರುದಿನ ಬೆಳಿಗ್ಗೆ ನೀರಿಗೆ ಹೊರಟವಳು ಕಂಡದ್ದೇನು? ಜರ್ವಾಸ್ ನಡುದಾರಿಯಲ್ಲಿ ಪೊರಕೆ ಹಿಡಿದು ಬಗ್ಗಿದ್ದ. ನಿನ್ನೆ ಗೆರೆ ತುಳಿದು ಮೂಡಿದ್ದ ಅವಳ ಸುಣ್ಣದ ಹೆಜ್ಜೆಗಳ ಪಕ್ಕದಲ್ಲೇ!

ಕೊಡ ಇಳಿಸಿ ಓಡಿದಳು. "ನನ್ನ ಹೆಜ್ಜೆ ಗುಡಿಸ್ತೀರಾ? ನಕ್ಕಿದ್ದು ಸಾಲ್ದಾ?"

"ಒಂಚೂರು ನೋಡಿ ಬೈಯಿರಿ, ಪುಣ್ಯ ಬರುತ್ತೆ!"

ನೋಡಿದಳು. ಗುಡಿಸಿದ್ದು ಹೆಜ್ಜೆಯನ್ನಲ್ಲ, ಹಳೆಯ ಗೆರೆಯನ್ನು! ಹೊಸ ಗೆರೆ ಅವಳ ಹೆಜ್ಜೆಗಳ ಆಚೆಗೆ ಸರಿದು, ದಾರಿ ಅಗಲವಾಗಿತ್ತು.

"ನಡೆಯೋರನ್ನ ಅಳೆದಿದ್ದೆ, ಕುಣಿಯೋರನ್ನ ಅಳೆದಿರಲಿಲ್ಲ," ಎಂದ ಅವನು. "ನಾನೂ ನಿಮ್ಮ ಹಾಗೆ ದಗಾಬಾ ಕುಲದವನೇ. ಆದ್ರೆ ಪಟ್ಟಣದಲ್ಲಿ ಬೆಳೆದವನು. ನಿನ್ನೆ ನಕ್ಕಿದ್ದು ನನ್ನ ದಡ್ಡತನಕ್ಕೆ."

"ಮತ್ತೆ... ಕೂರೋ ಜನ?"

"ಎರಡೂ ಪಕ್ಕ ಮೊಳಕಾಲೆತ್ತರದ ಗೋಡೆ, ಆಚೆ ನೆರಳಿನ ಜಗಲಿ. ಅಲ್ಲಿ ಕೂತ್ರೂ ನಿಮ್ಮ ಕುಣಿತ ಕಾಣುತ್ತೆ. ಫಾದರ್ ಹೂಂ ಅಂದ್ರು!"

ಅವಳ ಎದೆ ಗಿಲ್‌ಗಿಂತ ಜೋರಾಗಿ ಬಡಿದುಕೊಳ್ಳತೊಡಗಿತು.

ಗೋಡೆ ಏಳುತ್ತ ಏಳುತ್ತ ಇಬ್ಬರ ಮಾತೂ ಬೆಳೆಯಿತು. 'ನೀವು' ಹೋಗಿ 'ನೀನು' ಬಂತು. ಕೊನೆಗೊಂದು ದಿನ, ಬೆಂಚುಗಳನ್ನೆಲ್ಲ ಕೂರಿಸಿದ ಮೇಲೆ, ಅವಳು ಖಾಲಿ ಚರ್ಚಿನಲ್ಲಿ ಒಬ್ಬಳೇ ಕುಣಿದು ನೋಡಿದಳು. ಜರ್ವಾಸ್ ಬಾಗಿಲಲ್ಲಿ ನಿಂತಿದ್ದ.

"ಜರ್ವಾಸ್! ದಾರಿ ಒಂದು ಹೆಜ್ಜೆ ಜಾಸ್ತಿ ಅಗಲ ಇದೆಯಲ್ಲೋ! ಅಳತೆ ತಪ್ತಾ?"

"ತಪ್ಪಿಲ್ಲ." ಅವನು ಹತ್ತಿರ ಬಂದ. "ಪೊರಕೆ ಹಿಡಿದ ದಿನವೇ ಇಟ್ಟಿದ್ದು... ಮುಂದೊಂದು ದಿನ ನಿನ್ನ ಪಕ್ಕ ನಾನೂ ಬರೋಕೆ ಜಾಗ ಬೇಕು ಅಂತ."

ಅವಳ ಕಣ್ಣು ತುಂಬಿ ಬಂತು. ನಗುವೂ ಬಂತು.

"ಕುಣಿಯೋಕೆ ಬರುತ್ತಾ ನಿಂಗೆ?"

"ನೀನು ಕಲಿಸ್ತೀಯಾ?"

ಅವಳು ಕೈ ಚಾಚಿದಳು. "ಮೊದ್ಲು ಬೂಟು ಬಿಚ್ಚು."