ಗಿರಣಿ ಯಾವ ಕಡೆ?

“ಇದನ್ನ ಅಳಿಸು,” ಅಂದರು ವಿಠ್ಠಲ ಮಾಸ್ತರು. “ಲೆಕ್ಕದ ಪೇಪರಿನ್ಯಾಗ ರಂಗೋಲಿ ಹಾಕೀಯೇನು?”

“ರಂಗೋಲಿ ಅಲ್ರಿ ಸರ್, ಪಾಳಿ ಅದು,” ಅಂದಳು ಚೌಡವ್ವ. “ಅಳಿಸೂದಿಲ್ರಿ.”

ಬಂಕಾಪುರದ ಶಾಲೆಯ ಏಳನೆಯ ತರಗತಿಯೆಲ್ಲ ಅವಳತ್ತ ತಿರುಗಿತು.

ಅದು ೧೯೭೮. ಸ್ಕಾಲರ್‌ಶಿಪ್ ಪರೀಕ್ಷೆಗೆ ತರಗತಿಯಿಂದ ಒಬ್ಬರನ್ನೇ ಕಳಿಸಬೇಕಿತ್ತು. ಆರಿಸಲು ಮಾಸ್ತರು ಹತ್ತು ಪ್ರಶ್ನೆ ಕೊಟ್ಟಿದ್ದರು. ಮಾರೆಪ್ಪನಿಗೆ ಹತ್ತೂ ಸರಿ, ಚೌಡವ್ವನಿಗೆ ಒಂಬತ್ತು. ತಪ್ಪಾದದ್ದು ಹಿಟ್ಟಿನ ಗಿರಣಿಯ ಪ್ರಶ್ನೆ. ಪಾಳಿಯಲ್ಲಿ, ಅಂದರೆ ಸರದಿಯ ಸಾಲಿನಲ್ಲಿ, ಮೂರು ಡಬ್ಬಿಗಳಿವೆ. ಜೋಳದ ಮುಂದೆ ಗೋಧಿ, ಗೋಧಿಯ ಮುಂದೆ ಕಡಲೆ. ಮೊದಲು ಬೀಸುವುದು ಯಾವುದನ್ನು?

ಚೌಡವ್ವ ಒಂದು ಗೆರೆ ಎಳೆದು, ಅದರ ಮೇಲೆ ಮೂರು ಚುಕ್ಕಿ ಇಟ್ಟು, ಕೆಳಗೆ ‘ಕಡಲೆ’ ಎಂದು ಬರೆದಿದ್ದಳು. ಮಾಸ್ತರ ಉತ್ತರ ‘ಜೋಳ’.

“ಹುಬ್ಬಳ್ಳಿ ಬಸ್ಸಿಗೆ ಬಂಕಾಪುರದ ಮುಂದ ಯಾವ ಊರು ಬರ್ತದ?” ಮಾಸ್ತರು ಕೇಳಿದರು.

“ಶಿಗ್ಗಾಂವ್ರಿ.”

“ಹಂಗ ಮೊದ್ಲು ಜೋಳ, ಅದರ ಮುಂದ ಗೋಧಿ. ಮುಗೀತು, ಕೂಡು.”

ಚೌಡವ್ವ ಕೂಡಲಿಲ್ಲ. “ಬಸ್ಸಿನ ‘ಮುಂದ’ ಬ್ಯಾರೆ, ಪಾಳಿ ‘ಮುಂದ’ ಬ್ಯಾರೆರಿ. ದಿನಾ ಗಿರಣಿಗೆ ಡಬ್ಬಿ ಹೊರಾಕಿ ನಾನರಿ.”

“ಹಿಟ್ಟಿನ ರಾಣಿ!” ಮಾರೆಪ್ಪ ಕಿಸಕ್ಕನೆ ನಕ್ಕ.

“ಬಾ, ನೀನ ಜೋಳ ಆಗು.” ಚೌಡವ್ವ ಅವನ ಅಂಗಿ ಹಿಡಿದು ಎಳೆದು ನಿಲ್ಲಿಸಿದಳು. “ನಸೀರಾ, ನೀ ಗೋಧಿ. ಜೋಳದ ಮುಂದ ನಿಲ್ಲು. ಶಾರವ್ವ, ನೀ ಕಡ್ಲಿ. ಗೋಧಿ ಮುಂದ ಹೋಗು. ಆ ಬಾಗಲಾ ಅಂದ್ರ ಗಿರಣಿ.”

ಶಾರವ್ವನ ಕಾಲು ಹೊಸ್ತಿಲಿಗೆ ತಾಗಿತು.

“ಈಗ ಹೇಳ್ರಿ, ಯಾರ ಪಾಳಿ ಮೊದ್ಲು?”

“ಕಡ್ಲೀದು!” ಎಲ್ಲರಿಗಿಂತ ಮೊದಲು ಕೂಗಿದ್ದು ಜೋಳವೇ. ಕೂಗಿದ ಮೇಲೆ ಮಾರೆಪ್ಪ ನಾಲಿಗೆ ಕಚ್ಚಿಕೊಂಡ. ತರಗತಿಯೆಲ್ಲ ಘೊಳ್ಳೆಂದಿತು.

ಮಾಸ್ತರು ಕನ್ನಡಕ ತೆಗೆದು ಒರೆಸಿದರು. ಚೌಡವ್ವನ ಪೇಪರಿನ ತಪ್ಪಿನ ಗುರುತನ್ನು ಹೊಡೆದುಹಾಕಿ ಹತ್ತು ಎಂದು ಬರೆದರು. ಮಾರೆಪ್ಪನ ಹತ್ತು ಒಂಬತ್ತಾಯಿತು.

“ಪರೀಕ್ಷಾಕ್ಕ ನಿನ್ನ ಹೆಸರ ಹೋಗ್ತದ. ಆದ್ರ ಒಂದು ಮಾತು ಹೇಳು. ಈ ಗೆರಿ ಮ್ಯಾಲೆ ಗಿರಣಿ ಯಾವ ಕಡೆ ಅದ?”

ಚೌಡವ್ವ ತನ್ನ ಚಿತ್ರ ನೋಡಿದಳು. ಮೂರು ಚುಕ್ಕಿಗಳನ್ನು ಎಡದಿಂದಲೂ ಓದಬಹುದಿತ್ತು, ಬಲದಿಂದಲೂ ಓದಬಹುದಿತ್ತು.

ಪೇಪರು ಹಿಡಿದು ಜಾಗಕ್ಕೆ ಹೋಗಿ, ಪೆನ್ಸಿಲ್ ತೆಗೆದು ಗೆರೆಯ ಮೇಲೆ ಬಾಗಿದಳು.

“ಅಳಿಸಾಕತ್ತಿಯೇನು?” ಮಾಸ್ತರು ಕೇಳಿದರು.

“ಇಲ್ರಿ ಸರ್,” ಅಂದಳು ಚೌಡವ್ವ, ತಲೆ ಎತ್ತದೆ. “ಗಿರಣಿ ಕಟ್ಟಾಕತ್ತೇನಿ.”