ಎಡಕ್ಕೆ ವಾಲುವ ಯಂತ್ರದೈತ್ಯ

ಬಹಳ ಹಿಂದೆ ಗಾಳಿಗೆರೆ ಎಂಬ ರಾಜ್ಯದಲ್ಲಿ ಗಾಳಿ ನಿಲ್ಲುವುದನ್ನೇ ಮರೆತಿತ್ತು. ಹಗಲೂ ಬೀಸುತ್ತಿತ್ತು, ಇರುಳೂ ಬೀಸುತ್ತಿತ್ತು. ಒಲೆ ಹೊತ್ತಿಸಿದರೆ ಆರುತ್ತಿತ್ತು. ಕದ ಮುಚ್ಚಿದರೆ ದಡದಡ ಬಡಿದುಕೊಳ್ಳುತ್ತಿತ್ತು. ತೊಟ್ಟಿಲ ಕೂಸು ಕಣ್ಣು ಮುಚ್ಚುವಷ್ಟರಲ್ಲಿ ಬೆಚ್ಚಿ ಅಳುತ್ತಿತ್ತು. ದನಗಳು ಮೇಯುವುದನ್ನು ಬಿಟ್ಟು ಸುಮ್ಮನೆ ನಡೆಯುತ್ತಲೇ ಇದ್ದವು. ಜನರ ಕಣ್ಣು ಕೆಂಪಾಗಿತ್ತು. ಉಪ್ಪು ಕೇಳಿದರೂ ಜಗಳವಾಗುತ್ತಿತ್ತು.

ಈ ಗಾಳಿ ಬಿಟ್ಟವನು ಕುಂದುಗಣ್ಣ ಎಂಬ ಮಾಂತ್ರಿಕ. ಉತ್ತರದ ಕಣಿವೆಯ ಮೇಲೆ ಕರಿಬಂಡೆಯ ಮನೆಯಲ್ಲಿ ಅವನ ವಾಸ. ಅವನ ಕಣ್ಣಿಗೆ ಲೋಕದಲ್ಲಿ ಯಾವುದೂ ಸರಿಯಾಗಿ ಕಾಣುತ್ತಿರಲಿಲ್ಲ. ಹೂವು ನೋಡಿದರೆ ಒಂದು ಎಸಳು ಸೊಟ್ಟ. ನವಿಲು ನೋಡಿದರೆ ಕಾಲು ಕೆಟ್ಟದು. ಹೀಗೆ ಕುಂದು ಹುಡುಕಿ ಹುಡುಕಿ ಅವನಿಗೆ ನಿದ್ದೆ ಹೋಗಿತ್ತು. ತನಗಿಲ್ಲದ ನಿದ್ದೆ ಯಾರಿಗೂ ಬೇಡ ಎಂದು ಅವನು ಕಣಿವೆಯ ಬಾಯಿ ತೆರೆದು ಗಾಳಿಯನ್ನು ಊರಿನ ಮೇಲೆ ಬಿಟ್ಟಿದ್ದ.

ರಾಜ ಅವನ ಬಳಿಗೆ ಹೋಗಿ ಕೈಮುಗಿದಾಗ ಅವನು ಹೇಳಿದ್ದಿಷ್ಟು: "ಗಾಳಿ ನಿಲ್ಲಿಸುವವನು ನನ್ನ ಪೆಟ್ಟಿಗೆಯಲ್ಲಿ ತುಂಡುತುಂಡಾಗಿ ಮಲಗಿದ್ದಾನೆ. ಅವನೊಬ್ಬ ಯಂತ್ರದೈತ್ಯ. ಯಾರಾದರೂ ಇಲ್ಲಿಗೆ ಬಂದು ಅವನನ್ನು ಜೋಡಿಸಲಿ. ನಾನು ಮೂರು ಸಲ ಪರೀಕ್ಷೆ ಮಾಡುತ್ತೇನೆ. ಮೂರರಲ್ಲೂ ಗೆದ್ದರೆ ದೈತ್ಯ ಬೆಟ್ಟದಷ್ಟು ಬೆಳೆದು ಕಣಿವೆಗೆ ಅಡ್ಡ ನಿಲ್ಲುತ್ತಾನೆ. ಸೋತರೆ ಜೋಡಿಸಿದವರು ನನ್ನ ಗೋಡೆ ಸೇರುತ್ತಾರೆ."

ಎಷ್ಟೋ ಜನ ಹೋದರು. ಒಬ್ಬರೂ ಬರಲಿಲ್ಲ. ಕೊನೆಗೆ ರಾಜನ ಮಗ ಬಮ್ಮರಸ ಹೋದ. ಅವನು ತಾಳ್ಮೆಯವನು, ಸಿಕ್ಕು ಬಿದ್ದ ದಾರವನ್ನು ಕತ್ತರಿಸದೆ ಬಿಡಿಸುವವನು. ಅವನೂ ಬರಲಿಲ್ಲ.

ಬಮ್ಮರಸನಿಗೆ ಒಬ್ಬಳು ತಂಗಿ, ಕೇತಲೆ. ಕೂತಲ್ಲಿ ಕೂರದವಳು, ನಿಂತಲ್ಲಿ ನಿಲ್ಲದವಳು. ವೀಣೆ ಕಲಿಯಲು ಹೋಗಿ ಸರಳೆಗೇ ಬಿಟ್ಟಳು. ಕಸೂತಿ ಹಾಕಲು ಕೂತು ಗಿಣಿಯ ಕೊಕ್ಕಿಗೇ ನಿಲ್ಲಿಸಿದಳು. ಅಣ್ಣ ಹೋದ ಮೇಲೆ ಅವಳ ಕಾಲು ಇನ್ನೂ ನಿಲ್ಲಲಿಲ್ಲ. ಅರಮನೆಯ ಮೊಗಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು. ಕೋಟೆ ಗೋಡೆ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಕೊನೆಗೆ ಕುದುರೆಗೆ ಜೀನು ಬಿಗಿದಳು.

ಅವಳನ್ನು ಎತ್ತಿ ಆಡಿಸಿದ ದಾದಿ ಸೋವಕ್ಕ ಕಡಿವಾಣ ಹಿಡಿದುಕೊಂಡಳು.

"ಬೇಡ ನನ್ನವ್ವ. ಒಂದು ತುತ್ತು ಅನ್ನ ಮುಗಿಸೋಕೂ ನಿನಗೆ ತಾಳ್ಮೆ ಇಲ್ಲ. ಅಲ್ಲಿ ಹೋಗಿ ಏನು ಮಾಡ್ತೀಯ?"

"ಗೊತ್ತಿಲ್ಲ ಸೋವಕ್ಕ. ಆದರೆ ಇಲ್ಲಿ ಇದ್ದರೆ ನನಗೆ ಹುಚ್ಚು ಹಿಡಿಯುತ್ತೆ."

ಸೋವಕ್ಕ ಅಳುತ್ತಾ ಕಡಿವಾಣ ಬಿಟ್ಟಳು. ಸೆರಗಿನಲ್ಲಿ ಸುತ್ತಿ ತಂದಿದ್ದ ರೊಟ್ಟಿಯನ್ನು ಜೀನಿನ ಚೀಲಕ್ಕೆ ತುರುಕಿದಳು.

ಕರಿಬಂಡೆಯ ಮನೆಯ ಬಾಗಿಲು ತೆರೆದೇ ಇತ್ತು. ಕುಂದುಗಣ್ಣ ಅವಳನ್ನು ಮೇಲಿಂದ ಕೆಳಗೆ ನೋಡಿ, "ಜಡೆ ಓರೆಯಾಗಿದೆ. ಒಳಗೆ ಬಾ" ಎಂದ.

ಒಳಗಿನ ಗೋಡೆಯ ತುಂಬ ಬೂದುಬಣ್ಣದ ಚೌಕಟ್ಟುಗಳು. ಪ್ರತಿ ಚೌಕಟ್ಟಿಗೂ ಅಂಗೈಯಷ್ಟು ಎತ್ತರದ ಮನುಷ್ಯರು ಅಂಟಿಕೊಂಡಿದ್ದರು, ಕಡ್ಡಿಗೆ ಕಾಯಿ ಹತ್ತಿದ ಹಾಗೆ. ಒಂದರಲ್ಲಿ ಬಮ್ಮರಸನಿದ್ದ. ಕಣ್ಣು ತೆರೆದಿತ್ತು, ರೆಪ್ಪೆ ಮಿಟುಕುತ್ತಿರಲಿಲ್ಲ.

"ಮೊದಲ ನೋಟಕ್ಕೇ ಸೋತ" ಎಂದ ಕುಂದುಗಣ್ಣ. "ದೈತ್ಯನ ಮೊಣಕೈ ಕೆಳಗೆ ಕತ್ತಿಯ ಬಿಳಿ ಗೀರು ಬಿಟ್ಟಿದ್ದ. ಎರಡನೆಯ ನೋಟ ದಾಟಿದವರು ಇವರಲ್ಲಿ ಯಾರೂ ಇಲ್ಲ."

ಕೇತಲೆ ಅಣ್ಣನ ಕಡೆ ಮತ್ತೆ ನೋಡಲಿಲ್ಲ. "ಪೆಟ್ಟಿಗೆ ಕೊಡು" ಎಂದಳು. ಬಂದವರಿಗೆಲ್ಲ ಇಡುವ ಹಾಗೆ ಅವನು ಅದೇ ಅಚ್ಚಿನ ಹೊಸ ತುಂಡುಗಳಿದ್ದ ಪೆಟ್ಟಿಗೆಯನ್ನು ಅವಳ ಮುಂದಿಟ್ಟ.

ಪೆಟ್ಟಿಗೆಯ ಮುಚ್ಚಳದ ಮೇಲೆ ದೈತ್ಯನ ಚಿತ್ರವಿತ್ತು. ಕೆಂಪು ಎದೆಕವಚ, ನೀಲಿ ಭುಜ, ಬೆನ್ನಿಗೆ ಎರಡು ರೆಕ್ಕೆ, ಕೈಯಲ್ಲಿ ಉದ್ದ ಕತ್ತಿ. ಒಳಗೆ ಚೌಕಟ್ಟುಗಳ ಮೇಲೆ ಚೌಕಟ್ಟು. ಕೈ, ಕಾಲು, ಬೆರಳು, ಮೊಣಕಾಲ ಚಿಪ್ಪು, ಎಲ್ಲವೂ ಸಣ್ಣ ಸಣ್ಣ ಕಡ್ಡಿಗಳಿಂದ ಚೌಕಟ್ಟಿಗೆ ಹತ್ತಿಕೊಂಡಿದ್ದವು. ಅದು ಮರವಲ್ಲ, ಲೋಹವಲ್ಲ, ಅರಗೂ ಅಲ್ಲ. ಈಗ ನಾವು ಪ್ಲಾಸ್ಟಿಕ್ ಅನ್ನುತ್ತೇವಲ್ಲ, ಅದೇ. ಆ ಕಾಲದಲ್ಲಿ ಅದು ಮಾಂತ್ರಿಕರ ಬಳಿ ಮಾತ್ರ ಇತ್ತು.

ಕೇತಲೆ ಚಕ್ಕಳಮಕ್ಕಳ ಹಾಕಿ ಕೂತು ಪೆಟ್ಟಿಗೆಯಲ್ಲೇ ಇದ್ದ ಸಣ್ಣ ಕತ್ತಿ ಹಿಡಿದಳು. ಕೂಡಲೇ ಮೂಲೆಯಿಂದ ಎರಡು ಬಾಲದ ಮುಂಗುಸಿಯೊಂದು ಹೊರಟು ಅವಳ ಸುತ್ತ ಓಡತೊಡಗಿತು.

"ಬೇಗ, ಬೇಗ! ಹೊತ್ತು ಹೋಗ್ತಿದೆ! ಬೇಗ, ಬೇಗ!"

ಅವಳ ಕೈ ತಾನಾಗಿಯೇ ಚುರುಕಾಯಿತು. ಚಟಕ್, ಚಟಕ್, ಚಟಕ್. ಕತ್ತಿ ಜಾರಿತು. ದೈತ್ಯನ ಮಣಿಕಟ್ಟಿನ ಮೇಲೆ ಬಿಳಿ ಗೀರು ಎದ್ದಿತು, ಅಣ್ಣನದರ ಹಾಗೆಯೇ.

ಅವಳಿಗೆ ಎದ್ದು ಓಡಿಹೋಗಬೇಕೆನಿಸಿತು. ಮುಂಗುಸಿ ಇನ್ನೂ ಜೋರಾಗಿ ಓಡಿತು. ಅವಳು ಅದನ್ನೇ ನೋಡಿದಳು. ಅದಕ್ಕೂ ಏದುಸಿರು, ಪಾಪ, ಅದೂ ಎಂದೂ ನಿಂತಿರಲಿಲ್ಲ. ಅವಳು ಜೊತೆಗೆ ತಂದಿದ್ದ ಜೀನಿನ ಚೀಲದಿಂದ ರೊಟ್ಟಿ ತೆಗೆದು ಮುರಿದು ಮುಂದಿಟ್ಟಳು. "ತಿನ್ನು. ನೀನು ತಿಂದು ಮುಗಿಸುವ ತನಕ ನಾನೂ ಕತ್ತಿ ಮುಟ್ಟುವುದಿಲ್ಲ."

ಮುಂಗುಸಿ ನಿಂತಿತು, ಮೂಸಿತು, ತಿಂದಿತು. ತಿಂದು ಅಲ್ಲಿಯೇ ಸುರುಳಿ ಸುತ್ತಿ ಮಲಗಿತು. ಕೇತಲೆ ಹೊರಗೆ ಹೋಗಿ ಬಡಗಿಗಳು ಮರ ಉಜ್ಜಲು ಬಳಸುವ ಒರಟು ಗರಗತ್ತಿ ಎಲೆ ಕಿತ್ತು ತಂದಳು. ಗೀರನ್ನು ಉಜ್ಜಿದಳು, ಊದಿದಳು, ಮತ್ತೆ ಉಜ್ಜಿದಳು. ಬೆರಳು ಉರಿಯಿತು. ಗೀರು ಹೋಯಿತು. ಆಮೇಲೆ ಪ್ರತಿ ತುಂಡಿನ ಕಡ್ಡಿಯನ್ನೂ ಮೊದಲು ತುಸು ದೂರದಲ್ಲಿ ಕತ್ತರಿಸಿ, ಉಳಿದ ಮೊನೆಯನ್ನು ನಿಧಾನವಾಗಿ ಹೆರೆದು ತೆಗೆದಳು.

ಜೋಡಿಸಲು ಶುರು ಮಾಡಿದಾಗ ಒಕ್ಕಣ್ಣಿನ ಗಿಡುಗವೊಂದು ತೊಲೆಯ ಮೇಲೆ ಬಂದು ಕೂತಿತು.

"ತಪ್ಪು, ತಪ್ಪು! ಬಿಚ್ಚು, ಬಿಚ್ಚು!"

ತಲೆ ಕೂರಿಸಿದಳು. "ಬಿಚ್ಚು!" ಎಂದಿತು ಗಿಡುಗ. ಬಿಚ್ಚಿ ನೋಡಿದಳು, ಸರಿಯಾಗಿಯೇ ಇತ್ತು. ಭುಜ ಕೂರಿಸಿದಳು. "ಬಿಚ್ಚು!" ಬಿಚ್ಚಿದಳು, ಅದೂ ಸರಿ. ಎಡಗಾಲನ್ನು ಸೊಂಟಕ್ಕೆ ಕೂರಿಸಿದಾಗ ಮಾತ್ರ ಕೂಡಲಿಲ್ಲ. ಕಾಲಿನ ಗೂಟ ಸೊಂಟದ ಗುಂಡಿಗೆ ಪೂರ್ತಿ ಇಳಿಯದೆ ದೈತ್ಯ ಎಡಕ್ಕೆ ವಾಲಿದ. ಬಿಚ್ಚಿದಳು, ಕೂರಿಸಿದಳು. ಬಿಚ್ಚಿದಳು, ಕೂರಿಸಿದಳು. ಬೆವರು ಕಣ್ಣಿಗಿಳಿಯಿತು. ನನ್ನ ಕೈಯೇ ಸರಿಯಿಲ್ಲ, ಎಂದೂ ಸರಿಯಿರಲಿಲ್ಲ ಎಂದುಕೊಂಡು ತಲೆ ಎತ್ತಿದಳು.

ಗಿಡುಗ ಕೂತ ತೊಲೆಯ ಕೆಳಗೆ ಒಂದು ಹಲಗೆ. ಅದರ ಮೇಲೆ ಸೋತವರು ಜೋಡಿಸಿದ್ದ ದೈತ್ಯರನ್ನು ಸಾಲಾಗಿ ಗೋಡೆಗೆ ಒರಗಿಸಿಡಲಾಗಿತ್ತು. ಒಬ್ಬನ ಬಣ್ಣ ಕದಡಿತ್ತು, ಇನ್ನೊಬ್ಬನ ಕುತ್ತಿಗೆ ಸಡಿಲ. ಕೈಗಳು ಬೇರೆ ಬೇರೆ, ತಪ್ಪುಗಳೂ ಬೇರೆ ಬೇರೆ. ಆದರೆ ಎಲ್ಲರೂ ಎಡಕ್ಕೆ ವಾಲಿದ್ದರು. ಮೊಣಕೈ ಕೆಳಗೆ ಬಿಳಿ ಗೀರಿದ್ದವನು, ಅಣ್ಣ ಜೋಡಿಸಿದವನು, ಅವನೂ ಎಡಕ್ಕೇ ವಾಲಿದ್ದ.

ಕೇತಲೆ ಕಾಲನ್ನು ಕೆಳಗಿಟ್ಟಳು. ಅಣ್ಣನ ಕೈ ತಪ್ಪಬಹುದು. ಎಲ್ಲರ ಕೈಯೂ ಒಂದೇ ಕಡೆ, ಒಂದೇ ರೀತಿ ತಪ್ಪುವುದುಂಟೇ?

"ಇದು ಕೈಯ ತಪ್ಪಲ್ಲ, ಅಚ್ಚಿನ ತಪ್ಪು" ಎಂದು ಅವಳು ಗಿಡುಗಕ್ಕೆ ಹೇಳಿದಳು. ಗಿಡುಗ ಕಿಟಕಿಯಿಂದ ಹಾರಿಹೋಯಿತು.

ಗೂಟವನ್ನು ಹೆರೆದರೆ ಸರಿಹೋಗುತ್ತಿತ್ತು. ಆದರೆ ಹೆರೆದ ಗುರುತು ಅವಳ ಕೈಯದಾಗಿ, ಕುಂದೂ ಅವಳದೇ ಆಗುತ್ತಿತ್ತು. ಅವಳು ಕತ್ತಿ ಎತ್ತಿದಳು, ಇಟ್ಟಳು. ಎದ್ದು ಕಿಟಕಿಯವರೆಗೆ ನಡೆದಳು, ಬಂದಳು. ಕೊನೆಗೆ ಕಾಲನ್ನು ಇದ್ದ ಹಾಗೆಯೇ ಕೂರಿಸಿದಳು.

ಉಳಿದದ್ದು ರೆಕ್ಕೆ ಮತ್ತು ಕತ್ತಿ. ಆಗ ಬಾಗಿಲಲ್ಲಿ ಬೆಳ್ಳಿಯ ಮೈಯ ಜಿಂಕೆಯೊಂದು ಬಂದು ನಿಂತಿತು. ಅದರ ದನಿ ಮೆತ್ತಗಿತ್ತು.

"ಸಾಕು, ಸಾಕು. ಇಷ್ಟು ಮಾಡಿದೆಯಲ್ಲ, ಸಾಕು. ಬಾ, ಬಯಲಿಗೆ ಹೋಗೋಣ, ಓಡೋಣ."

ಕೇತಲೆಯ ಪಾದ ಕುಣಿಯಿತು. ಅವಳು ಎದ್ದಳು. ಹೊಸ್ತಿಲ ತನಕ ಹೋದಳು. ಜಿಂಕೆಯ ಬೆನ್ನ ಮೇಲೆ ಕೈಯನ್ನೂ ಇಟ್ಟಳು. ಜೀವಮಾನದಲ್ಲಿ ಅವಳು ಬಿಟ್ಟುಬಂದದ್ದೆಲ್ಲ ಹೀಗೆಯೇ, ಇನ್ನೇನು ಮುಗಿಯಿತು ಅನ್ನುವಾಗ. ಅವಳ ಕಣ್ಣಲ್ಲಿ ನೀರು ಬಂತು.

"ನೀನು ಹೋಗಮ್ಮ. ನನಗೆ ಇನ್ನೂ ರೆಕ್ಕೆ ಕೂರಿಸುವುದಿದೆ" ಎಂದು ಹೇಳಿ ಒಳಗೆ ಬಂದು ಕೂತಳು. ಎರಡು ರೆಕ್ಕೆಯನ್ನೂ ಬೆನ್ನಿಗೆ ಕೂರಿಸಿದಳು, ಕತ್ತಿಯನ್ನು ಮುಷ್ಟಿಗೆ ಕೊಟ್ಟಳು. ಆಮೇಲೆ ಕುಂದುಗಣ್ಣನನ್ನು ಕರೆದಳು.

ಕುಂದುಗಣ್ಣ ಮೊದಲು ತುಂಡುಗಳನ್ನು ನೋಡಿದ. ಉಗುರಿನಿಂದ ಅಂಚು ಸವರಿದ, ಕಣ್ಣಿಗೆ ಹತ್ತಿರ ಹಿಡಿದ.

"ಎಲ್ಲಿ ಜಾರಿತು ನಿನ್ನ ಕತ್ತಿ?"

"ಮಣಿಕಟ್ಟಿನಲ್ಲಿ. ಉಜ್ಜಿದ್ದೇನೆ. ಸವರಿ ನೋಡು."

ಸವರಿದ. ಏನೂ ತಾಗಲಿಲ್ಲ. ಅವನ ಹುಬ್ಬು ಗಂಟಾಯಿತು. ಮೊದಲ ನೋಟ ದಾಟಿತು.

ಎರಡನೆಯದು ಕೀಲುಗಳ ನೋಟ. ಕೈ ಎತ್ತಿಸಿದ, ಎತ್ತಿದ್ದು ಅಲ್ಲಿಯೇ ನಿಂತಿತು. ಮೊಣಕಾಲು ಮಡಿಸಿದ, ಮಡಿಯಿತು. ಕತ್ತಿ ಹಿಡಿದ ಮುಷ್ಟಿಯನ್ನು ಅಲುಗಾಡಿಸಿದ, ಕತ್ತಿ ಬೀಳಲಿಲ್ಲ. ಕುಂದುಗಣ್ಣ ತುಟಿ ಕಚ್ಚಿದ. ಎರಡನೆಯ ನೋಟವೂ ದಾಟಿತು.

ಮೂರನೆಯದು ನಿಲುವು. ಅವನು ದೈತ್ಯನನ್ನು ಚಪ್ಪಡಿಯ ಮೇಲೆ ನಿಲ್ಲಿಸಿ ಕೈಬಿಟ್ಟ. ದೈತ್ಯ ಮೆಲ್ಲಗೆ ಎಡಕ್ಕೆ ವಾಲಿದ, ವಾಲಿದ, ದೊಪ್ಪನೆ ಬಿದ್ದ.

"ಕುಂದು!" ಕುಂದುಗಣ್ಣ ಎದ್ದು ಕುಣಿದ. "ಸಿಕ್ಕಿತು, ಕುಂದು ಸಿಕ್ಕಿತು!"

"ಹೌದು, ಕುಂದಿದೆ" ಎಂದಳು ಕೇತಲೆ. "ಯಾರ ಕುಂದು ಎಂದು ಮಾತ್ರ ಸರಿಯಾಗಿ ನೋಡು."

"ಇನ್ಯಾರದು? ಈ ಅಚ್ಚು ಎರೆದವನು ನಾನು. ಮೂರು ಲೋಕದಲ್ಲಿ ಇಂಥ ಅಚ್ಚಿಲ್ಲ!" ಕುಂದುಗಣ್ಣ ಕೈಯೆತ್ತಿ ಎಂದಿನ ಮಂತ್ರ ಹೇಳಿದ: "ಯಾವ ಕೈಯಿಂದ ಈ ಕುಂದಾಯಿತೋ ಆ ಕೈಯವರು ಚೌಕಟ್ಟು ಸೇರಲಿ!"

ಕೇತಲೆ ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ. ಕಣ್ಣು ತೆರೆದಳು.

ಕುಂದುಗಣ್ಣ ತನ್ನ ಬೆರಳುಗಳನ್ನೇ ನೋಡುತ್ತಿದ್ದ. ಅವು ಬೂದಿಯ ಬಣ್ಣಕ್ಕೆ ತಿರುಗಿ ಬಿಗಿಯುತ್ತಿದ್ದವು.

"ನನ್ನದೇ? ಎಲ್ಲಿ? ಎಷ್ಟು?" ಎಂದು ಕೂಗಿದ.

"ಎಡಗಾಲಿನ ಗೂಟ. ಅಕ್ಕಿಕಾಳಿನಷ್ಟೂ ಇಲ್ಲ" ಎಂದಳು ಕೇತಲೆ. ಹಲಗೆಯ ಕಡೆ ಕೈ ತೋರಿಸಿದಳು. ಅವನು ಸಾಲಾಗಿ ವಾಲಿದವರನ್ನು ನೋಡಿದ. ಲೋಕದ ಕುಂದೆಲ್ಲ ಕಂಡ ಕಣ್ಣಿಗೆ ತನ್ನ ಮನೆಯ ಹಲಗೆ ಕಂಡದ್ದು ಅದೇ ಮೊದಲು. ಅಷ್ಟರಲ್ಲಿ ಅವನು ಅಂಗೈಯಷ್ಟಾಗಿ ಚೌಕಟ್ಟಿಗೆ ಅಂಟಿಕೊಂಡ.

ಗೋಡೆಯ ತುಂಬ ಚಟಚಟ ಸದ್ದಾಯಿತು. ಕಡ್ಡಿಗಳು ಮುರಿದವು. ಜನ ನೆಲಕ್ಕೆ ಧುಮುಕಿ ಧುಮುಕಿ ಬೆಳೆದು ನಿಂತರು. ಕೆಲವರು ನಕ್ಕರು, ಕೆಲವರು ಮೈ ಕೈ ಮುಟ್ಟಿಕೊಂಡು ಅತ್ತರು. ಬಮ್ಮರಸ ಕುತ್ತಿಗೆ ನೀವಿಕೊಳ್ಳುತ್ತಾ ಬಂದ.

"ಕೇತಲೆ, ನೀನೇ? ಪೂರ್ತಿ ಮಾಡಿದೆಯಾ?"

"ಇಲ್ಲ ಅಣ್ಣ. ಒಂದು ಗೂಟ ಉಳಿದಿದೆ. ಹೆರೆಯಬೇಕು, ಅದಕ್ಕೆ ನಿನ್ನ ತಾಳ್ಮೆ ಬೇಕು."

ಗಾಳಿ ಇನ್ನೂ ಬೀಸುತ್ತಲೇ ಇತ್ತು. ಅಣ್ಣ ತಂಗಿ ಎದುರುಬದುರು ಕೂತರು. ಅವಳು ದೈತ್ಯನನ್ನು ಹಿಡಿದಳು, ಅವನು ಗೂಟವನ್ನು ಕೂದಲಿನಷ್ಟು ಕೂದಲಿನಷ್ಟು ಹೆರೆದ. ಕಾಲು ಟಕ್ಕೆಂದು ಕೂತಿತು. ದೈತ್ಯನನ್ನು ಚಪ್ಪಡಿಯ ಮೇಲೆ ಇಟ್ಟರು. ನಿಂತ.

"ಚೆನ್ನಾಗಿದೆ" ಎಂದ ಬಮ್ಮರಸ, ಸುತ್ತಲೂ ಬಗ್ಗಿ ನೋಡಿ. "ಬಲ ರೆಕ್ಕೆ ತುಸು ಮೇಲಾಯಿತು."

"ಇರಲಿ ಬಿಡು!" ಎಂದಳು ಕೇತಲೆ.

ದೈತ್ಯ ಬೆಳೆದ. ಮನೆಯ ಸೂರು ಹಾರಿತು. ಅವನ ತಲೆ ಮೋಡ ಮುಟ್ಟಿತು. ನೆಲ ನಡುಗುವಂತೆ ಹೆಜ್ಜೆಯಿಟ್ಟು ಹೋಗಿ ಕಣಿವೆಗೆ ಅಡ್ಡ ನಿಂತ, ರೆಕ್ಕೆ ಬಿಚ್ಚಿದ. ಗಾಳಿ ಅವನ ಎದೆಗೆ ಬಡಿದು ಹಿಂದಿರುಗಿತು.

ಗಾಳಿಗೆರೆಯಲ್ಲಿ ಆಗ ನಡುಮಧ್ಯಾಹ್ನ. ಎಲೆ ಅಲುಗಲಿಲ್ಲ. ಕದಗಳು ಸುಮ್ಮನಾದವು. ಅಗಸರು ಬಟ್ಟೆಯ ರಾಶಿಯ ಮೇಲೆ ಮಲಗಿದರು. ಕಾವಲಿನವರು ಈಟಿಗೆ ಒರಗಿ ಮಲಗಿದರು. ಸೋವಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ, ರಾಜ ಸಿಂಹಾಸನದ ಮೇಲೆ ಗೊರಕೆ ಹೊಡೆದರು. ಎದ್ದ ಮೇಲೆ ಅವರೆಲ್ಲ ಒಬ್ಬರಿಗೊಬ್ಬರು ಉಪ್ಪು ಕೊಟ್ಟುಕೊಂಡು, ಮಕ್ಕಳು ಮರಿ ಕಟ್ಟಿಕೊಂಡು ನೆಮ್ಮದಿಯಾಗಿ ಬಾಳಿದರು.

ಕೇತಲೆ ಮಾತ್ರ ಅಣ್ಣನ ಜೊತೆ ನೇರ ಊರಿಗೆ ಹೋಗಲಿಲ್ಲ. ದೈತ್ಯನನ್ನು ಆಚೆ ಕಡೆಯಿಂದಲೂ ನೋಡಬೇಕೆಂದು ಕುದುರೆ ಓಡಿಸಿದಳು. ಅವನ ಪಾದದ ನೆರಳು ಒಂದು ಹೊಲದಷ್ಟಿತ್ತು. ಸ್ವಲ್ಪ ಹೊತ್ತು ಅಂತ ಅಲ್ಲಿ ಇಳಿದಳು, ಕುದುರೆಯನ್ನು ಮೇಯಲು ಬಿಟ್ಟು ಹುಲ್ಲಿನ ಮೇಲೆ ಕೂತಳು. ಸಂಜೆಗೆ ಬಮ್ಮರಸ ಹುಡುಕಿಕೊಂಡು ಬಂದಾಗ ಅವಳು ಕೈಕಾಲು ಚಾಚಿ ಗಾಢ ನಿದ್ದೆಯಲ್ಲಿದ್ದಳು. ಅವನು ಎಬ್ಬಿಸಲಿಲ್ಲ, ಪಕ್ಕದಲ್ಲಿ ಕೂತು ಕಾದ.